ಯಂತ್ರ ಗಟ್ಟಿ, ಅರ್ಹತೆ ಇಲ್ಲ: ವಿಂಡೋಸ್ ಬದಲಾವಣೆಯ ಗೊಂದಲಕ್ಕೆ ಬೆಲೆ ತೆರುವವರು ಯಾರು?

ವಿಜಯಪುರ: ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10 ಕಾರ್ಯಾಚರಣೆ ವ್ಯವಸ್ಥೆಗೆ ಹತ್ತು ವರ್ಷಗಳಿಂದ ನೀಡುತ್ತ ಬಂದಿದ್ದ ಉಚಿತ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಮರುದಿನ ಯಾವ ಗಣಕಯಂತ್ರವೂ ಕೆಟ್ಟು ನಿಲ್ಲಲಿಲ್ಲ. ಪರದೆ ಎಂದಿನಂತೆ ಬೆಳಗಿತು, ಮುದ್ರಣಯಂತ್ರ ಎಂದಿನಂತೆ ಕಾಗದ ಹೊರಹಾಕಿತು. ನಿಂತುಹೋದದ್ದು ಕಣ್ಣಿಗೆ ಕಾಣದ ಒಂದು ಸೇವೆ: ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳನ್ನು ಮುಚ್ಚುವ ಮಾಸಿಕ ಪರಿಷ್ಕರಣೆ. ಕಾಣದ ಸೇವೆ ನಿಂತಾಗ ಅದರ ಬಿಸಿ ತಡವಾಗಿ ತಟ್ಟುತ್ತದೆ.

ತಿಕೋಟಾ ತಾಲೂಕಿನ ಕಳ್ಳಕವಟಗಿಯಂಥ ಊರುಗಳಲ್ಲಿ ಈ ಬಿಸಿಯ ಸ್ವರೂಪವೇ ಬೇರೆ. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿ ಯಂತ್ರ ಬದಲಿಸುವ ಕೆಲಸಕ್ಕೆ ಪ್ರತ್ಯೇಕ ವಿಭಾಗವೇ ಇರುತ್ತದೆ. ಹಳ್ಳಿಯಲ್ಲಿ ಸೇವಾ ಕೇಂದ್ರದ ಒಂದು ಗಣಕಯಂತ್ರವೇ ಊರಿನ ಅರ್ಧ ಕಚೇರಿ. ಪಹಣಿ ಉತಾರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬೆಳೆವಿಮೆಯ ಅರ್ಜಿ, ಪಿಂಚಣಿಯ ಕಾಗದ, ವಿದ್ಯಾರ್ಥಿವೇತನದ ನೋಂದಣಿ ಎಲ್ಲವೂ ಅದರಿಂದಲೇ ನಡೆಯುತ್ತವೆ. ಅಂಥ ಯಂತ್ರದ ಮೇಲೆ 'ಈ ಪಿಸಿ ವಿಂಡೋಸ್ 11ರ ಅಗತ್ಯಗಳನ್ನು ಪೂರೈಸುತ್ತಿಲ್ಲ' ಎಂಬ ಅರ್ಥದ ಸಂದೇಶ ಮೂಡಿದಾಗ ಅದರ ಒಡೆಯನಿಗೆ ಹೊಳೆಯುವುದು ಎರಡೇ ದಾರಿ. ಸಾಲ ಮಾಡಿ ಹೊಸದನ್ನು ಕೊಳ್ಳುವುದು, ಇಲ್ಲವೇ ಸಂದೇಶವನ್ನು ಮುಚ್ಚಿ ಕೆಲಸ ಮುಂದುವರಿಸುವುದು. ಮೊದಲನೆಯದು ಅನೇಕ ಸಂದರ್ಭಗಳಲ್ಲಿ ಅನಗತ್ಯ, ಎರಡನೆಯದು ಅಪಾಯಕರ. ಇವೆರಡರ ನಡುವೆ ಬೇರೆ ದಾರಿಗಳಿವೆ. ಅವು ಕಾಣದಿರುವುದಕ್ಕೆ ಅರ್ಹತೆಯ ನಿಯಮಗಳನ್ನು ಪ್ರಕಟಿಸಿದ ರೀತಿಯೇ ಬಹುಪಾಲು ಕಾರಣ.

ಒಂದು ಪಟ್ಟಿ, ಮೂರು ಅರ್ಥ

ಕಾರ್ಯಾಚರಣೆ ವ್ಯವಸ್ಥೆಯೊಂದು ಬಿಡುಗಡೆಯಾದಾಗ ಅದರೊಂದಿಗೆ ಯಂತ್ರಾಂಶದ ಕನಿಷ್ಠ ಅಗತ್ಯಗಳ ಪಟ್ಟಿ ಬರುವುದು ವಾಡಿಕೆ. 2009ರ ವಿಂಡೋಸ್ 7ರ ಪಟ್ಟಿಯಲ್ಲಿ ಪ್ರೊಸೆಸರ್ ವೇಗ 1 ಗಿಗಾಹರ್ಟ್ಸ್ ಎಂದಿತ್ತು. 2015ರ ವಿಂಡೋಸ್ 10ರ ಪಟ್ಟಿಯಲ್ಲೂ ಅದೇ 1 ಗಿಗಾಹರ್ಟ್ಸ್. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11ರ ಪಟ್ಟಿಯನ್ನು ಓದಿದರೂ ಮೊದಲು ಕಣ್ಣಿಗೆ ಬೀಳುವುದು ಇದೇ ಸಂಖ್ಯೆ. ಅದರ ಜೊತೆಗೆ ಎರಡು ಕೋರ್, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸ್ಥಳ. ಇಷ್ಟನ್ನೇ ಓದಿದ ಯಾರಾದರೂ ತಮ್ಮ ಯಂತ್ರ ಧಾರಾಳವಾಗಿ ಸಾಕೆಂದು ಭಾವಿಸುವುದು ಸಹಜ.

ನಿಜವಾದ ಗಡಿ ಇರುವುದು ಪಟ್ಟಿಯ ಉಳಿದ ಸಾಲುಗಳಲ್ಲಿ. ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು. ಹಳೆಯ ಬಯಾಸ್ ಬದಲು ಯುಇಎಫ್‌ಐ ವ್ಯವಸ್ಥೆ ಇದ್ದು, 'ಸೆಕ್ಯೂರ್ ಬೂಟ್'ಗೆ ಅದು ಸಮರ್ಥವಾಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪ್ರೊಸೆಸರ್ ಮಾದರಿಯ ಹೆಸರು ಮೈಕ್ರೋಸಾಫ್ಟ್ ಒಪ್ಪಿದ ಮತ್ತೊಂದು ಉದ್ದ ಪಟ್ಟಿಯಲ್ಲಿರಬೇಕು. ಸ್ಥೂಲವಾಗಿ ಹೇಳುವುದಾದರೆ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರು ಮತ್ತು ಅನಂತರದವು. ಎಎಂಡಿಯಲ್ಲಿ ರೈಜೆನ್ 2000 ಸರಣಿಯಿಂದ ಮುಂದಿನವು. ಆ 2000 ಸರಣಿಯಲ್ಲೂ ಎಲ್ಲ ಮಾದರಿಗಳಿಗೆ ಸ್ಥಾನವಿಲ್ಲ.

ಇದರ ಪರಿಣಾಮ ವಿಚಿತ್ರವಾದದ್ದು. ನಾಲ್ಕು ಕೋರ್‌ಗಳ, 3.6 ಗಿಗಾಹರ್ಟ್ಸ್ ಮೂಲ ವೇಗದ ಇಂಟೆಲ್ ಕೋರ್ ಐ7-7700 ಪಟ್ಟಿಯಿಂದ ಹೊರಗೆ. ಎರಡೇ ಕೋರ್‌ಗಳ, 1.1 ಗಿಗಾಹರ್ಟ್ಸ್ ಮೂಲ ವೇಗದ ಅಗ್ಗದ ಸೆಲೆರಾನ್ ಎನ್4000 ಪಟ್ಟಿಯ ಒಳಗೆ. ಎರಡೂ 2017ರಲ್ಲೇ ಪ್ರಕಟವಾದವು. ಕೆಲಸದಲ್ಲಿ ಮೊದಲನೆಯದು ಎಷ್ಟೋ ಪಾಲು ಶಕ್ತಿಶಾಲಿ. ಆದರೂ ಅರ್ಹತೆ ದೊರೆತದ್ದು ಎರಡನೆಯದಕ್ಕೆ.

ಅಂದರೆ 'ಅಗತ್ಯ' ಎಂಬ ಒಂದೇ ಮಾತು ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಾಗಿ ಬಳಕೆಯಾಗಿದೆ. ಈ ಯಂತ್ರದಲ್ಲಿ ವ್ಯವಸ್ಥೆ ನಡೆಯಬಲ್ಲದೇ? ನಡೆದರೆ ಬಳಕೆಗೆ ಹಿತವಾಗಿರುತ್ತದೆಯೇ? ತಯಾರಕ ಸಂಸ್ಥೆ ಅದಕ್ಕೆ ಬೆಂಬಲ ನೀಡುತ್ತದೆಯೇ? ಐ7-7700ರಲ್ಲಿ ಮೊದಲೆರಡಕ್ಕೂ ಉತ್ತರ ಹೌದು, ಮೂರನೆಯದಕ್ಕೆ ಇಲ್ಲ. 4 ಜಿಬಿ ರ‍್ಯಾಮ್ ಇರುವ ಸೆಲೆರಾನ್ ಯಂತ್ರದಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ಉತ್ತರ ಹೌದು. ಆದರೆ ನಾಲ್ಕಾರು ಪುಟಗಳನ್ನು ಒಮ್ಮೆಗೇ ತೆರೆದು ಕುಳಿತವನಿಗೆ ಎರಡನೆಯದರ ಉತ್ತರ ಗಡಿಯಾರ ನೋಡಿದರೆ ತಿಳಿಯುತ್ತದೆ. ಮೂರು ಪ್ರಶ್ನೆಗಳನ್ನು ಒಂದೇ ಚೀಲಕ್ಕೆ ತುಂಬಿ 'ಅರ್ಹ', 'ಅನರ್ಹ' ಎಂಬ ಎರಡು ಚೀಟಿ ಅಂಟಿಸಿದ್ದರಿಂದ ಗ್ರಾಹಕ ದಿಕ್ಕೆಟ್ಟಿದ್ದಾನೆ.

ಐ7 ಎಂದರೆ ಏಳನೆಯ ತಲೆಮಾರಲ್ಲ

ಗೊಂದಲದ ಎರಡನೆಯ ಮೂಲ ಸಂಖ್ಯೆಗಳು. ಐ3, ಐ5, ಐ7 ಎಂಬುವು ಪ್ರೊಸೆಸರ್‌ನ ದರ್ಜೆಯನ್ನು ಸೂಚಿಸುತ್ತವೆ. ತಲೆಮಾರನ್ನು ತಿಳಿಸುವುದು ಅಡ್ಡಗೆರೆಯ ನಂತರದ ಸಂಖ್ಯೆ. ಐ5-7400 ಎಂದಿದ್ದರೆ ಏಳನೆಯ ತಲೆಮಾರು, ಐ5-8400 ಎಂದಿದ್ದರೆ ಎಂಟನೆಯದು, ಐ5-10400 ಎಂದಿದ್ದರೆ ಹತ್ತನೆಯದು. ಹೀಗಾಗಿ ಎಂಟನೆಯ ತಲೆಮಾರಿನ ಐ3 ವಿಂಡೋಸ್ 11ಕ್ಕೆ ಅರ್ಹ. ಆರನೆಯ ತಲೆಮಾರಿನ ಐ7 ಅನರ್ಹ.

ಅಂಗಡಿಯಲ್ಲಿ ಮಾತ್ರ ದೊಡ್ಡ ಅಕ್ಷರದಲ್ಲಿ ಕಾಣುವುದು ದರ್ಜೆಯೇ ಹೊರತು ತಲೆಮಾರಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಮಳಿಗೆಗಳವರೆಗೆ ನವೀಕರಿಸಿದ ಹಳೆಯ ಲ್ಯಾಪ್‌ಟಾಪ್‌ಗಳ ವಹಿವಾಟು ದೊಡ್ಡದು. ಸಂಸ್ಥೆಗಳು ಬಳಸಿ ಬಿಟ್ಟ ಯಂತ್ರಗಳು ಶುಚಿಗೊಂಡು, ಹೊಸ ಎಸ್‌ಎಸ್‌ಡಿ ಹಾಕಿಸಿಕೊಂಡು ಇಲ್ಲಿ ಮಾರಾಟಕ್ಕೆ ಬರುತ್ತವೆ. ಕಾಲೇಜು ಸೇರುವ ಮಕ್ಕಳಿಗೆ, ಚಿಕ್ಕ ವ್ಯಾಪಾರಿಗಳಿಗೆ ಇದು ವರದಾನವೇ ಸರಿ. ಆದರೆ ಆರನೆಯ ಅಥವಾ ಏಳನೆಯ ತಲೆಮಾರಿನ ಯಂತ್ರಕ್ಕೂ ತಪಾಸಣೆಯನ್ನು ದಾಟಿಸಿ ವಿಂಡೋಸ್ 11 ಹಾಕಿಕೊಡಲು ಸಾಧ್ಯವಿರುವುದರಿಂದ, ಪರದೆಯ ಮೇಲೆ ವಿಂಡೋಸ್ 11 ಕಂಡಿತೆಂದ ಮಾತ್ರಕ್ಕೆ ಯಂತ್ರ ಅರ್ಹವೆಂದು ತಿಳಿಯಬೇಕಾಗಿಲ್ಲ. ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಪ್ರೊಸೆಸರ್‌ನ ಪೂರ್ಣ ಮಾದರಿ ಸಂಖ್ಯೆ ಯಾವುದು ಎಂಬುದು. ಆ ಸಂಖ್ಯೆಯನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು ಇನ್ನೂ ಉತ್ತಮ.

ಇದ್ದೂ ಇಲ್ಲದ ಟಿಪಿಎಂ

ಟಿಪಿಎಂ ಎಂಬುದು ಗೂಢಲಿಪಿಯ ಕೀಲಿಗಳನ್ನು ಉಳಿದ ತಂತ್ರಾಂಶದಿಂದ ಪ್ರತ್ಯೇಕವಾಗಿಟ್ಟು ಕಾಯುವ ಘಟಕ. ಯಂತ್ರ ಆರಂಭವಾಗುವಾಗ ಯಾರಾದರೂ ಕೈಯಾಡಿಸಿದ್ದಾರೆಯೇ ಎಂಬುದನ್ನು ಪರೀಕ್ಷಿಸಲೂ ಅದು ನೆರವಾಗುತ್ತದೆ. 2016ರ ಜುಲೈ 28ರಿಂದ ವಿಂಡೋಸ್ 10 ಸಹಿತ ಮಾರಾಟವಾಗುವ ಹೊಸ ಮಾದರಿಗಳಲ್ಲಿ ಟಿಪಿಎಂ 2.0 ಇರಬೇಕೆಂದು ಮೈಕ್ರೋಸಾಫ್ಟ್ ತಯಾರಕರಿಗೆ ಸೂಚಿಸಿತ್ತು. ಆದ್ದರಿಂದ ಅನಂತರದ ಬಹುತೇಕ ಯಂತ್ರಗಳಲ್ಲಿ ಅದು ಬೇರೆ ಚಿಪ್ ರೂಪದಲ್ಲೋ, ಪ್ರೊಸೆಸರ್‌ನೊಂದಿಗೆ ಬೆಸೆದ ಸ್ಥಿರತಂತ್ರಾಂಶದ ರೂಪದಲ್ಲೋ ಇದ್ದೇ ಇದೆ.

ಇದ್ದರೂ ಅದು ಚಾಲನೆಯಲ್ಲಿ ಇಲ್ಲದಿರಬಹುದು. ಬಿಡಿಭಾಗಗಳನ್ನು ಜೋಡಿಸಿ ಕಟ್ಟಿದ ಗಣಕಯಂತ್ರಗಳ ಅನೇಕ ಮದರ್‌ಬೋರ್ಡ್‌ಗಳು ಟಿಪಿಎಂ ಆರಿಸಿದ ಸ್ಥಿತಿಯಲ್ಲೇ ಮಾರುಕಟ್ಟೆಗೆ ಬಂದವು. ಇಂಟೆಲ್ ಯಂತ್ರಗಳಲ್ಲಿ ಇದರ ಹೆಸರು ಪಿಟಿಟಿ, ಎಎಂಡಿ ಯಂತ್ರಗಳಲ್ಲಿ ಎಫ್‌ಟಿಪಿಎಂ. ಸೆಟ್ಟಿಂಗ್ಸ್ ಪುಟದಲ್ಲಿ ಟಿಪಿಎಂ ಎಂಬ ಹೆಸರನ್ನೇ ಹುಡುಕುವವನಿಗೆ ಅದು ಸಿಗುವುದಿಲ್ಲ. ಐದು ನಿಮಿಷದ ಕೆಲಸಕ್ಕೆ ಬದಲಾಗಿ ಹೊಸ ಯಂತ್ರದ ಮಾತು ಏಳುವುದು ಇಂಥಲ್ಲಿ.

ಎಚ್ಚರಿಕೆಯ ಮಾತೂ ಒಂದಿದೆ. ವಿಂಡೋಸ್‌ನ 'ಸಿಸ್ಟಂ ಇನ್ಫರ್ಮೇಷನ್' ಪುಟದಲ್ಲಿ 'ಬಯಾಸ್ ಮೋಡ್' ಎಂಬಲ್ಲಿ 'ಲೆಗಸಿ' ಎಂದಿದ್ದರೆ ಡಿಸ್ಕ್ ಹಳೆಯ ಎಂಬಿಆರ್ ವಿನ್ಯಾಸದಲ್ಲಿದೆ ಎಂದು ಸಾಮಾನ್ಯವಾಗಿ ಅರ್ಥ. ಡಿಸ್ಕನ್ನು ಮೊದಲು ಜಿಪಿಟಿ ವಿನ್ಯಾಸಕ್ಕೆ ಪರಿವರ್ತಿಸದೆ ಯುಇಎಫ್‌ಐಗೆ ಬದಲಿಸಿದರೆ ಯಂತ್ರ ಆರಂಭವಾಗುವುದೇ ಇಲ್ಲ. ಪರಿವರ್ತನೆಗೆ ಬೇಕಾದ ಸಾಧನ ವಿಂಡೋಸ್ 10ರಲ್ಲೇ ಅಡಕವಾಗಿದೆ. ಆದರೆ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸದೆ ಅದಕ್ಕೆ ಕೈಹಾಕುವುದು ವಿವೇಕವಲ್ಲ.

ಗೊಂದಲಕ್ಕೆ ಬೀಜ ಬಿತ್ತಿದವರು

ಬಳಕೆದಾರರ ಅಜ್ಞಾನವೇ ಇದಕ್ಕೆಲ್ಲ ಕಾರಣ ಎನ್ನುವುದು ನ್ಯಾಯವಲ್ಲ. 2015ರ ಸಮಾವೇಶವೊಂದರಲ್ಲಿ ಮೈಕ್ರೋಸಾಫ್ಟ್ ಉದ್ಯೋಗಿಯೊಬ್ಬರು ವಿಂಡೋಸ್ 10 ಕೊನೆಯ ವಿಂಡೋಸ್ ಎಂಬ ಅರ್ಥದ ಮಾತನ್ನಾಡಿದ್ದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಆರು ವರ್ಷಗಳ ನಂತರ, 2021ರ ಜೂನ್ 24ರಂದು, ವಿಂಡೋಸ್ 11 ಘೋಷಣೆಯಾಯಿತು. ಯಂತ್ರ ಪರೀಕ್ಷಿಸಲೆಂದು ಸಂಸ್ಥೆ ನೀಡಿದ 'ಪಿಸಿ ಹೆಲ್ತ್ ಚೆಕ್' ಎಂಬ ತಂತ್ರಾಂಶ ಆರಂಭದಲ್ಲಿ 'ಆಗದು' ಎಂದಷ್ಟೇ ಹೇಳುತ್ತಿತ್ತು. ಏಕೆ ಆಗದು ಎಂಬ ಕಾರಣ ತಿಳಿಸುತ್ತಿರಲಿಲ್ಲ. ಸಂಸ್ಥೆಯ ಒಂದು ಪುಟ ಟಿಪಿಎಂ 1.2 ಇದ್ದರೆ ನಡೆದೀತು, 2.0 ಇದ್ದರೆ ಒಳ್ಳೆಯದು ಎಂಬ ಧಾಟಿಯಲ್ಲಿದ್ದರೆ, ಇನ್ನೊಂದು ಪುಟ 2.0 ಕಡ್ಡಾಯ ಎನ್ನುತ್ತಿತ್ತು. ನಾಲ್ಕೇ ದಿನಗಳಲ್ಲಿ ಪರೀಕ್ಷಾ ತಂತ್ರಾಂಶವನ್ನು ತಾತ್ಕಾಲಿಕವಾಗಿ ಹಿಂದಕ್ಕೆ ಪಡೆಯಬೇಕಾಯಿತು.

ಆಗಸ್ಟ್ 27ರಂದು ಅಂತಿಮ ತೀರ್ಮಾನ ಹೊರಬಿತ್ತು. ಎಂಟನೆಯ ತಲೆಮಾರಿನ ಗಡಿ ಹಾಗೆಯೇ ಉಳಿಯಿತು. ಏಳನೆಯ ತಲೆಮಾರಿನ ಬೆರಳೆಣಿಕೆಯ ಮಾದರಿಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಆ ಬೆರಳೆಣಿಕೆಯಲ್ಲಿ ಮೈಕ್ರೋಸಾಫ್ಟ್‌ನದೇ ಸರ್ಫೇಸ್ ಸ್ಟುಡಿಯೋ 2ರಲ್ಲಿದ್ದ ಐ7-7820ಎಚ್‌ಕ್ಯೂ ಸೇರಿದ್ದು ಟೀಕೆಗೆ ಗುರಿಯಾಯಿತು. ಸಂಸ್ಥೆಯ ಸಮರ್ಥನೆಯಲ್ಲೂ ಹುರುಳಿಲ್ಲವೆಂದಲ್ಲ. ಅಗತ್ಯಗಳನ್ನು ಪೂರೈಸದ ಯಂತ್ರಗಳಲ್ಲಿ ವ್ಯವಸ್ಥೆಯ ತಿರುಳಿನ ಮಟ್ಟದ ಕುಸಿತ ಶೇ 52ರಷ್ಟು ಹೆಚ್ಚು ಎಂದು ಅದು ಆಗ ತಿಳಿಸಿತ್ತು. ಭದ್ರತೆಯ ತಳಹದಿಯನ್ನು ಎತ್ತರಿಸಬೇಕೆಂಬ ವಾದವೂ ಅಲ್ಲಗಳೆಯುವಂಥದ್ದಲ್ಲ. ಆದರೆ ಸಕಾರಣ ನಿಯಮವನ್ನು ಸರಿಯಾಗಿ ವಿವರಿಸದೆ ಹೇರಿದರೆ ಅದು ನಿಷ್ಕಾರಣ ನಿಯಮದಂತೆಯೇ ಕಾಣುತ್ತದೆ.

ಇಂಥ ಪ್ರಸಂಗ ಹೊಸದೂ ಅಲ್ಲ. 2006ರಲ್ಲಿ, ವಿಂಡೋಸ್ ವಿಸ್ತಾ ಮಾರುಕಟ್ಟೆಗೆ ಬರುವ ಮುನ್ನ, ಎಕ್ಸ್‌ಪಿ ಗಣಕಯಂತ್ರಗಳ ಮೇಲೆ 'ವಿಸ್ತಾ ಕೇಪಬಲ್' ಎಂಬ ಚೀಟಿ ಅಂಟಿಸಲಾಗಿತ್ತು. 2007ರ ಜನವರಿಯಲ್ಲಿ ವಿಸ್ತಾ ಬಂದಾಗ, ಅವುಗಳಲ್ಲಿ ಅನೇಕ ಯಂತ್ರಗಳು ಅತಿ ಸರಳವಾದ ಹೋಮ್ ಬೇಸಿಕ್ ಆವೃತ್ತಿಯನ್ನಷ್ಟೇ ಸರಿಯಾಗಿ ನಡೆಸಬಲ್ಲವು, ಜಾಹೀರಾತಿನಲ್ಲಿ ಮೆರೆದ 'ಏರೋ' ಅಂದಚಂದ ಅವುಗಳ ಪಾಲಿಗಿಲ್ಲ ಎಂಬುದು ಬಯಲಾಯಿತು. ಅಮೆರಿಕದ ಸಿಯಾಟಲ್‌ನ ನ್ಯಾಯಾಲಯದಲ್ಲಿ ಗ್ರಾಹಕರು ದಾವೆ ಹೂಡಿದರು. ಇಂಟೆಲ್‌ನ 915 ಚಿಪ್‌ಸೆಟ್‌ಗೆ ಅನುಕೂಲವಾಗುವಂತೆ ಅಗತ್ಯಗಳನ್ನು ಸಡಿಲಿಸಿದ ಬಗ್ಗೆ ಮೈಕ್ರೋಸಾಫ್ಟ್‌ನೊಳಗೇ ಅಸಮಾಧಾನವಿತ್ತೆಂಬುದನ್ನು ವಿಚಾರಣೆಯ ವೇಳೆ ಹೊರಬಿದ್ದ ಆಂತರಿಕ ಮಿಂಚಂಚೆಗಳು ತೋರಿಸಿದವು. 2008ರಲ್ಲಿ ದೊರೆತಿದ್ದ ಸಾಮೂಹಿಕ ದಾವೆಯ ಮಾನ್ಯತೆ 2009ರಲ್ಲಿ ರದ್ದಾಯಿತು. ಅಂದು ಸಡಿಲಗೊಳಿಸಿದ್ದರಿಂದ ಗೊಂದಲ, ಇಂದು ಬಿಗಿಗೊಳಿಸಿದ್ದರಿಂದ ಗೊಂದಲ. ಎರಡು ಸಲವೂ ಗ್ರಾಹಕನ ಕೈಗೆ ಸಿಕ್ಕಿದ್ದು ಪೂರ್ಣ ಮಾಹಿತಿಯಲ್ಲ, ಒಂದು ಚೀಟಿ.

ಕನ್ನಡದ ಹಳೆಯ ಗಂಟು

ಕರ್ನಾಟಕದಲ್ಲಿ ಈ ಸಮಸ್ಯೆಗೆ ಭಾಷೆಯ ಗಂಟೊಂದು ಹೆಚ್ಚಾಗಿ ಬಿದ್ದಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅಕ್ಷರಶೈಲಿಯೊಂದಿಗೆ ಯೂನಿಕೋಡ್ ಕನ್ನಡ ಬಂದಿತಾದರೂ ಅದನ್ನು ಚಾಲನೆಗೊಳಿಸಲು ಪ್ರತ್ಯೇಕ ಆಯ್ಕೆ ಮಾಡಿ, ವಿಂಡೋಸ್ ಸಿ.ಡಿ. ಹಾಕಬೇಕಿತ್ತು. ಅಷ್ಟರಲ್ಲಿ ನಾಡಿನ ಕಚೇರಿಗಳು, ಮುದ್ರಣಾಲಯಗಳು, ಡಿಟಿಪಿ ಅಂಗಡಿಗಳು ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಿಗೆ ಒಗ್ಗಿಹೋಗಿದ್ದವು. ಅವುಗಳ ಹಳೆಯ ಅಕ್ಷರ ಸಂಕೇತಗಳಲ್ಲಿ ರಾಶಿ ರಾಶಿ ಕಡತಗಳು ಸಿದ್ಧವಾದವು. ಆಯಾ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅಂಥ ಕಡತ ತೆರೆದರೆ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು.

ಪುಟ ವಿನ್ಯಾಸಕ್ಕೆ ಇಂದಿಗೂ 2001ರ ಪೇಜ್‌ಮೇಕರ್ 7ನ್ನು ನೆಚ್ಚಿದವರಿದ್ದಾರೆ. ಲಗ್ನಪತ್ರಿಕೆ, ಕರಪತ್ರ, ಸಹಕಾರಿ ಸಂಘದ ವಾರ್ಷಿಕ ವರದಿಗಳ ಹಳೆಯ ಮಾದರಿಗಳೆಲ್ಲ ಅದರಲ್ಲೇ ಇರುವಾಗ ಯಂತ್ರ ಬದಲಿಸುವುದೆಂದರೆ ಅಂಗಡಿಯ ನೆನಪನ್ನೇ ಬದಲಿಸಿದಂತೆ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿ ಇಲ್ಲ. 32 ಬಿಟ್ ತಂತ್ರಾಂಶಗಳು ಅದರಲ್ಲಿ ಬಹುಮಟ್ಟಿಗೆ ನಡೆಯುತ್ತವೆ. ಆದರೆ ಹಳೆಯ ಸ್ಕ್ಯಾನರ್, ಮುದ್ರಣಯಂತ್ರ, ಹಾರ್ಡ್‌ವೇರ್ ಲಾಕ್‌ಗಳ 32 ಬಿಟ್ ಡ್ರೈವರ್‌ಗಳು ನಡೆಯುವುದಿಲ್ಲ. 16 ಬಿಟ್ ಕಾಲದ ತಂತ್ರಾಂಶಗಳೂ ನಡೆಯುವುದಿಲ್ಲ. ಅರ್ಹತೆಯ ಪಟ್ಟಿ ಯಂತ್ರದ ಬಗ್ಗೆ ಹೇಳುತ್ತದೆ, ಯಂತ್ರಕ್ಕೆ ಜೋಡಿಸಿದ ಸಾಧನಗಳ ಬಗ್ಗೆ ಮೌನವಾಗಿದೆ. ಗಣಕಯಂತ್ರ ಅರ್ಹವಾಗಿ, ಬೆರಳಚ್ಚು ಓದುವ ಸಾಧನಕ್ಕೆ ಹೊಸ ಡ್ರೈವರ್ ಸಿಗದಿದ್ದರೆ ಸೇವಾ ಕೇಂದ್ರದ ಕೆಲಸ ನಿಂತಂತೆಯೇ ಸರಿ.

ವಯನಾಡಿನ ಪಂಚಾಯಿತಿ ಕಲಿಸಿದ ಪಾಠ

ಹಾಗಾದರೆ ಏನೂ ಮಾಡದೆ ಹಳೆಯದರಲ್ಲೇ ಮುಂದುವರಿದರೆ ಆಗುವುದೇನು? ಉತ್ತರ ನೆರೆಯ ಕೇರಳದಲ್ಲಿದೆ. 2017ರ ಮೇ 12ರಂದು 'ವಾನಾಕ್ರೈ' ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಕಡತಗಳಿಗೆ ಬೀಗ ಜಡಿದು, ಬಿಡಿಸಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳುವ ತಂತ್ರಾಂಶವದು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳು ಇದಕ್ಕೆ ತುತ್ತಾದವು. ಬ್ರಿಟನ್ನಿನ ಆಸ್ಪತ್ರೆಗಳ ಸುದ್ದಿ ಎಲ್ಲರಿಗೂ ತಿಳಿಯಿತು. ವಯನಾಡು ಜಿಲ್ಲೆಯ ತರಿಯೋಡ್ ಮತ್ತು ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಗ್ರಾಮ ಪಂಚಾಯಿತಿಗಳ ಗಣಕಯಂತ್ರಗಳೂ ಅದೇ ಬಲೆಗೆ ಬಿದ್ದವೆಂಬುದು ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ.

ಆ ದಾಳಿಗೆ ದಾರಿ ಮಾಡಿಕೊಟ್ಟ ಲೋಪವನ್ನು ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಬಲಿಯಾದವುಗಳಲ್ಲಿ ಹೆಚ್ಚಿನವು ಅದನ್ನು ಹಾಕಿಸಿಕೊಳ್ಳದ ವಿಂಡೋಸ್ 7 ಯಂತ್ರಗಳು. 2014ರ ಏಪ್ರಿಲ್ 8ರಂದೇ ಬೆಂಬಲ ಕಳೆದುಕೊಂಡಿದ್ದ ಎಕ್ಸ್‌ಪಿಗೂ ಸಂಸ್ಥೆ ದಾಳಿಯ ನಂತರ ತುರ್ತಾಗಿ ಪರಿಷ್ಕರಣೆ ನೀಡಬೇಕಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಳ್ಳಿಯ ಸೇವಾ ಕೇಂದ್ರದ ಯಂತ್ರ ಒಡೆಯನ ಸ್ವಂತ ಆಸ್ತಿ ಇರಬಹುದು; ಅದರೊಳಗೆ ಉಳಿಯುವ ಆಧಾರ್ ಪ್ರತಿಗಳು, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರಗಳು, ಅಂಕಪಟ್ಟಿಗಳು ಊರಿನವು. ಸಾಮಾನ್ಯ ಸೇವಾ ಕೇಂದ್ರಗಳಿಗಾಗಿ ಬಹುಕಾಲ ಪ್ರಚಾರದಲ್ಲಿದ್ದ ಉಪಕರಣಗಳ ಪಟ್ಟಿಯಲ್ಲಿ 512 ಎಂಬಿ ರ‍್ಯಾಮ್, 120 ಜಿಬಿ ಡಿಸ್ಕ್, 'ವಿಂಡೋಸ್ ಎಕ್ಸ್‌ಪಿ ಎಸ್‌ಪಿ-2 ಅಥವಾ ಅದಕ್ಕಿಂತ ಮೇಲಿನದು' ಎಂದಿತ್ತು. ಅಂಥ ಮಾತಿನಲ್ಲಿ ಕೆಳಮಿತಿ ಇದೆ, ಬೆಂಬಲದ ಅವಧಿಯ ಪ್ರಸ್ತಾಪವಿಲ್ಲ. ಯಂತ್ರವನ್ನು ಕೊಂಡ ದಿನದ ಅರ್ಹತೆಯನ್ನಷ್ಟೇ ನೋಡಿ, ಅದು ಎಂದಿನವರೆಗೆ ಸುರಕ್ಷಿತ ಎಂಬುದನ್ನು ಕೇಳದಿರುವ ಅಭ್ಯಾಸ ಸರ್ಕಾರಿ ಭಾಷೆಯಲ್ಲೂ ಬೇರೂರಿದೆ.

ನಾಲ್ಕು ಗುಂಪು, ನಾಲ್ಕು ದಾರಿ

ಒಂದು ಯಂತ್ರದ ಮುಂದೆ ಕುಳಿತು ಮೊದಲು ಮಾಡಬೇಕಾದದ್ದು ಅದು ಯಾವ ಗುಂಪಿಗೆ ಸೇರಿದ್ದು ಎಂದು ತಿಳಿಯುವುದು. ಪಿಸಿ ಹೆಲ್ತ್ ಚೆಕ್ ಈಗ ಅನರ್ಹತೆಯ ಕಾರಣವನ್ನೂ ತಿಳಿಸುತ್ತದೆ. ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಮಾತ್ರ ತೊಡಕಾಗಿದ್ದು ಪ್ರೊಸೆಸರ್ ಪಟ್ಟಿಯಲ್ಲಿದ್ದರೆ ಅದು ಮೊದಲ ಗುಂಪು. ಇಲ್ಲಿ ಖರ್ಚೇ ಬೇಕಿಲ್ಲ; ಪರವಾನಗಿ ಇರುವ ವಿಂಡೋಸ್ 10ರಿಂದ 11ಕ್ಕೆ ಏರುವುದು ಉಚಿತ. ರ‍್ಯಾಮ್ ಅಥವಾ ಸಂಗ್ರಹ ಸ್ಥಳ ಸಾಲದಿದ್ದರೆ ಎರಡನೆಯ ಗುಂಪು. ಬಿಡಿಭಾಗ ಬದಲಿಸಿದರೆ ಸಾಕು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿದ್ದರಿಂದ ಈ ದಾರಿಯ ಲೆಕ್ಕವನ್ನೂ ಎಚ್ಚರದಿಂದ ಹಾಕಬೇಕು.

ಪ್ರೊಸೆಸರ್ ಪಟ್ಟಿಯಲ್ಲಿಲ್ಲದಿದ್ದರೂ ಯಂತ್ರ ಸುಸ್ಥಿತಿಯಲ್ಲಿದ್ದರೆ ಅದು ಮೂರನೆಯ ಗುಂಪು. ನಿಜವಾದ ಸಂಕಟ ಇರುವುದು ಇಲ್ಲೇ. 2025ರಲ್ಲಿ ಪ್ರಕಟಿಸಿದ ಯೋಜನೆಯಂತೆ, ಗೃಹಬಳಕೆದಾರರು ವಿಂಡೋಸ್ 10ರ 22ಎಚ್2 ಆವೃತ್ತಿಯಲ್ಲಿದ್ದು ಮೈಕ್ರೋಸಾಫ್ಟ್ ಖಾತೆಯೊಂದಿಗೆ ನೋಂದಾಯಿಸಿದರೆ 2026ರ ಅಕ್ಟೋಬರ್ 13ರ ವರೆಗೆ ಭದ್ರತಾ ಪರಿಷ್ಕರಣೆ ಲಭ್ಯ. ಸೆಟ್ಟಿಂಗ್ಸ್ ಪ್ರತಿಯನ್ನು ಖಾತೆಗೆ ಜೋಡಿಸುವವರಿಗೆ ಇದು ಉಚಿತ. ಇಲ್ಲವಾದರೆ 30 ಡಾಲರ್. ಸಂಸ್ಥೆಗಳಿಗೆ ಮೊದಲ ವರ್ಷ ಪ್ರತಿ ಯಂತ್ರಕ್ಕೆ 61 ಡಾಲರ್, ಮುಂದಿನ ಪ್ರತಿ ವರ್ಷ ಅದರ ಇಮ್ಮಡಿ, ಗರಿಷ್ಠ ಮೂರು ವರ್ಷ. ಶಿಕ್ಷಣ ಸಂಸ್ಥೆಗಳ ದರ ಮಾತ್ರ ಕ್ರಮವಾಗಿ 1, 2 ಮತ್ತು 4 ಡಾಲರ್. ಅಂದರೆ ಶಾಲೆಯೊಂದು ಒಂದು ಯಂತ್ರವನ್ನು ಮೂರು ವರ್ಷ ಕಾಪಾಡಿಕೊಳ್ಳಲು ಒಟ್ಟು 7 ಡಾಲರ್ ಸಾಕು. ಪ್ರಯೋಗಾಲಯದ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಮುಖ್ಯೋಪಾಧ್ಯಾಯರೂ ಶಿಕ್ಷಣ ಇಲಾಖೆಯೂ ನೋಡಬೇಕಾದ ಅಂಕಿ ಇದು.

ಇದೇ ಗುಂಪಿಗೆ ಲಿನಕ್ಸ್ ಮತ್ತೊಂದು ದಾರಿ. ಕೇರಳದ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶದಲ್ಲಿ ವರ್ಷಗಳಿಂದ ಪಾಠ ನಡೆಸಿಕೊಂಡು ಬಂದಿವೆ. ಕೇಂದ್ರದ ಸಿ-ಡ್ಯಾಕ್ ಸಂಸ್ಥೆ ಭಾರತೀಯ ಭಾಷೆಗಳ ಬೆಂಬಲವಿರುವ 'ಬಾಸ್' ಲಿನಕ್ಸನ್ನು 2007ರಲ್ಲೇ ಹೊರತಂದಿತು. ಬರವಣಿಗೆ, ಅಂತರ್ಜಾಲ, ಕಲಿಕೆಗೆ ಇದು ಸಾಕು. ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಟೋಕನ್, ಪೇಜ್‌ಮೇಕರ್ ನೆಚ್ಚಿದವರು ಮಾತ್ರ ಮೊದಲು ಪರೀಕ್ಷಿಸಿ ನೋಡಬೇಕು. ತಪಾಸಣೆ ದಾಟಿಸಿ ವಿಂಡೋಸ್ 11 ಹಾಕಿಸಿಕೊಳ್ಳುವುದು ಮೂರನೆಯ ದಾರಿ. ಅಂಥ ಯಂತ್ರಗಳಿಗೆ ಪರಿಷ್ಕರಣೆ ದೊರೆಯುವ ಖಾತ್ರಿ ಇಲ್ಲವೆಂದು ಮೈಕ್ರೋಸಾಫ್ಟ್ ಹೇಳಿದೆ. ಮನೆಯ ಯಂತ್ರಕ್ಕೆ ಇದು ಸ್ವಂತ ಹೊಣೆಯ ಆಯ್ಕೆ. ಪರರ ದಾಖಲೆ ಇರುವ ಯಂತ್ರಕ್ಕೆ ಸಲ್ಲದು.

ನಾಲ್ಕನೆಯದು ನಿಜಕ್ಕೂ ಆಯುಷ್ಯ ಮುಗಿದ ಗುಂಪು. 2024ರ 24ಎಚ್2 ಆವೃತ್ತಿಯಿಂದ ವಿಂಡೋಸ್ 11 ಎಸ್‌ಎಸ್‌ಇ 4.2 ಎಂಬ ಸೂಚನಾಸಮೂಹವನ್ನು ಬೇಡುತ್ತದೆ. ಕೋರ್ 2 ಡ್ಯುಯೊ ಕಾಲದ ಯಂತ್ರಗಳಲ್ಲಿ ಅದಿಲ್ಲದ ಕಾರಣ ಯಾವ ಉಪಾಯವೂ ನಡೆಯುವುದಿಲ್ಲ. ಅಂಥವನ್ನು ಬದಲಿಸುವುದೇ ಸರಿ.

ಆಡಳಿತ ಮಾಡಬೇಕಾದದ್ದು

ಜಗತ್ತಿನಲ್ಲಿ ಸುಮಾರು 24 ಕೋಟಿ ಗಣಕಯಂತ್ರಗಳು ಈ ಬದಲಾವಣೆಯಿಂದ ಮೂಲೆಗುಂಪಾಗಬಹುದೆಂದು ಕ್ಯಾನಲಿಸ್ ಎಂಬ ಸಂಶೋಧನಾ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಅಂದಾಜಿಸಿತ್ತು. ಅವೆಲ್ಲವೂ ಗುಜರಿ ಸೇರಬೇಕಾಗಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಜೊತೆಗೆ ನವೀಕರಣಕಾರರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿವೆ. ನವೀಕರಿಸಿ ಮಾರುವ ಪ್ರತಿ ಯಂತ್ರದ ಮೇಲೆ ಪ್ರೊಸೆಸರ್‌ನ ಪೂರ್ಣ ಮಾದರಿ, ವ್ಯವಸ್ಥೆಯ ಬೆಂಬಲದ ಕೊನೆಯ ದಿನಾಂಕ ಇವೆರಡನ್ನು ಕನ್ನಡದಲ್ಲಿ ನಮೂದಿಸಬೇಕೆಂಬ ಷರತ್ತು ವಿಧಿಸಿದರೆ ಎಸ್.ಪಿ. ರಸ್ತೆಯ ಗ್ರಾಹಕನಿಗೂ ತಿಕೋಟಾದ ಗ್ರಾಹಕನಿಗೂ ಒಂದೇ ಬಗೆಯ ರಕ್ಷಣೆ ದೊರೆತೀತು.

ಗಡುವು ಹಾಕಿ ಕೆಲಸ ಮಾಡಿಸಿದ ನಿದರ್ಶನವೂ ದೇಶದಲ್ಲಿದೆ. ಎಕ್ಸ್‌ಪಿಯಂಥ ಬೆಂಬಲ ಕಳೆದುಕೊಂಡ ವ್ಯವಸ್ಥೆಗಳಲ್ಲೇ ನಡೆಯುತ್ತಿದ್ದ ಎಟಿಎಂಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2018ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿ, ಸೆಪ್ಟೆಂಬರ್ ವೇಳೆಗೆ ಶೇ 25, ಡಿಸೆಂಬರ್ ವೇಳೆಗೆ ಶೇ 50, 2019ರ ಮಾರ್ಚ್ ವೇಳೆಗೆ ಶೇ 75, ಜೂನ್ ವೇಳೆಗೆ ಪೂರ್ಣ ಬದಲಾವಣೆ ಎಂದು ಹಂತ ನಿಗದಿಪಡಿಸಿತು. ಗಡುವಿನ ಜೊತೆಗೆ ಹಂತಗಳಿದ್ದದ್ದು ಆ ಸುತ್ತೋಲೆಯ ಹೆಚ್ಚುಗಾರಿಕೆ. ಸೇವಾ ಕೇಂದ್ರ, ಗ್ರಾಮ ಪಂಚಾಯಿತಿ, ಶಾಲೆಗಳ ಯಂತ್ರಗಳಿಗೂ ಇಂಥದೇ ಹಂತವಾರು ಕ್ರಮ ಬೇಕು: ಮೊದಲು ಎಣಿಕೆ, ಬಳಿಕ ಗುಂಪು ವಿಂಗಡಣೆ, ಕೊನೆಗೆ ಖರೀದಿ. ಎಣಿಕೆ ಇಲ್ಲದ ಖರೀದಿಯಿಂದ ಟೆಂಡರುದಾರನಿಗೆ ಲಾಭವಾದೀತು, ಊರಿಗಲ್ಲ. ಟೆಂಡರಿನಲ್ಲಿ 'ಐ5 ಅಥವಾ ಮೇಲಿನದು' ಎಂಬ ಪೊಳ್ಳು ಮಾತಿನ ಬದಲು, ಇಂಥ ವರ್ಷದವರೆಗೆ ಭದ್ರತಾ ಪರಿಷ್ಕರಣೆ ದೊರೆಯುವ ಯಂತ್ರ ಎಂಬ ಷರತ್ತು ಬರಬೇಕು.

ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು ಮುಗಿದಾಗಲೂ ಇವೇ ಪ್ರಶ್ನೆಗಳು ಎದ್ದಿದ್ದವು. ವಿಂಡೋಸ್ 11ರ ಸರದಿ ಬಂದಾಗಲೂ ಏಳುತ್ತವೆ. ತಂತ್ರಾಂಶ ಸಂಸ್ಥೆಯ ದಿನಸೂಚಿಯನ್ನು ಕಳ್ಳಕವಟಗಿಯ ಸೇವಾ ಕೇಂದ್ರ ಬದಲಿಸಲಾರದು. ಆದರೆ ತನ್ನ ಯಂತ್ರ ಯಾವ ಕಾರಣಕ್ಕೆ ಅನರ್ಹ, ಅದನ್ನು ಸರಿಪಡಿಸಲು ತಗಲುವುದೆಷ್ಟು, ಸರಿಪಡಿಸಿದರೆ ಎಷ್ಟು ದಿನ ಬಾಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ತನ್ನ ಭಾಷೆಯಲ್ಲಿ ಉತ್ತರ ಪಡೆಯುವುದು ಅದರ ಹಕ್ಕು. ಆ ಉತ್ತರ ಸಿಗುವವರೆಗೆ ಹಳ್ಳಿಯವರು ಬೇಡದ ಯಂತ್ರಕ್ಕೆ ಹಣ ಸುರಿಯುತ್ತಿರುತ್ತಾರೆ, ಇಲ್ಲವೇ ಬೇಕಾದ ಭದ್ರತೆಯನ್ನು ಬಿಟ್ಟುಕೊಡುತ್ತಿರುತ್ತಾರೆ.